ಇದು ಫೋಟೋಶಾಪ್ ತಾನೆ? ಅಲ್ಲ!

ಪ್ರಶ್ನೆ: ಮಂಜು ಕವಿದ ಕೊಳ, ನಡುವೆ ದೊಡ್ಡ ತಾವರೆ, ಅದರೊಳಗೆ ಕೂತ ಹುಡುಗಿ. ಕೊರಿಯಾದ ಕಲಾವಿದೆಯ ಚಿತ್ರವೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂತು. ಫೋಟೋಶಾಪ್ ತಾನೆ? ಇಲ್ಲಾ ಎಐ ಮಾಡಿದ್ದೇ?

ಎರಡೂ ಅಲ್ಲ. ಕುಂಚದಿಂದ ಬರೆದ ಚಿತ್ರವೂ ಅಲ್ಲ. ಅದೊಂದು ಫೋಟೋ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕಲಾವಿದೆಯ ಹೆಸರು ಜೀಯಂಗ್ ಲೀ. 1983ರಲ್ಲಿ ಹುಟ್ಟಿದವರು, ಸೋಲ್‌ನ ಹೊಂಗಿಕ್ ವಿಶ್ವವಿದ್ಯಾಲಯದಲ್ಲಿ ಕಲಿತವರು. ‘ಸ್ಟೇಜ್ ಆಫ್ ಮೈಂಡ್’ ಎಂಬ ಸರಣಿಯನ್ನು 2007ರಿಂದ ಮಾಡುತ್ತ ಬಂದಿದ್ದಾರೆ. ನೀವು ನೋಡಿದ ತಾವರೆಯ ಚಿತ್ರದ ಹೆಸರು ‘ರೆಸರೆಕ್ಷನ್’, ಅಂದರೆ ಮರುಹುಟ್ಟು. ಈ ಸರಣಿ 2014ರಲ್ಲೇ ಫ್ರಾನ್ಸ್‌ನ ಗ್ಯಾಲರಿಯೊಂದರ ಗೋಡೆ ಏರಿತ್ತು. ನಾಲ್ಕು ಪದ ಟೈಪ್ ಮಾಡಿದರೆ ಚಿತ್ರ ಕೊಡುವ ಎಐ ಆಗ ಇರಲೇ ಇಲ್ಲ. ಎಐ ಮಾತು ಇಲ್ಲಿಗೆ ಮುಗಿಯಿತು.

ಫೋಟೋಶಾಪ್ ಎಂಬ ಅನುಮಾನ ಮಾತ್ರ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅವರ ಸ್ಟುಡಿಯೋ ಸುಮಾರು 3.6 ಮೀಟರ್ ಉದ್ದ, 4.1 ಮೀಟರ್ ಅಗಲ, 2.4 ಮೀಟರ್ ಎತ್ತರ. ನಮ್ಮ ಮನೆಗಳ ಮಲಗುವ ಕೋಣೆಗಿಂತ ತುಸು ದೊಡ್ಡದು, ಅಷ್ಟೇ. ಚಿತ್ರದಲ್ಲಿ ಕಾಣುವುದನ್ನೆಲ್ಲ ಆ ಕೋಣೆಯೊಳಗೆ ಕೈಯಾರೆ ಕಟ್ಟುತ್ತಾರೆ. ಒಂದೊಂದಕ್ಕೆ ವಾರಗಳು ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳೇ. ‘ಟ್ರೆಷರ್ ಹಂಟ್’ ಚಿತ್ರದ ಹುಲ್ಲುಗಾವಲನ್ನು ನೋಡಿ. ಅದರ ಹುಲ್ಲು ತಂತಿಯದು, ಅದನ್ನು ಮಾಡುವುದಕ್ಕೇ ಮೂರು ತಿಂಗಳು ಹಿಡಿಯಿತು. ನಿಮ್ಮ ತಾವರೆಕೊಳಕ್ಕೆ ಬಣ್ಣ ಬಳಿದ ಕಾಗದದ ತಾವರೆಗಳು ಬೇಕಾದವು, ಕೋಣೆ ತುಂಬ ಮಂಜು ಎಬ್ಬಿಸಬೇಕಾಯಿತು.

ಕಂಪ್ಯೂಟರಿನಲ್ಲಿ ಬೇರೆಬೇರೆ ತುಣುಕು ತಂದು ಅಂಟಿಸಿದ್ದಲ್ಲ, ಎಲ್ಲವೂ ಒಂದೇ ಬೆಳಕಿನಲ್ಲಿ ಕ್ಯಾಮೆರಾದ ಎದುರಿಗೇ ಇತ್ತು. ಹಾಗಿದ್ದರೆ ಅಷ್ಟು ಚಿಕ್ಕ ಕೋಣೆ ಅಷ್ಟು ವಿಶಾಲವಾಗಿ ಹೇಗೆ ಕಾಣುತ್ತದೆ? ಕ್ಯಾಮೆರಾಕ್ಕೆ ಕಣ್ಣು ಒಂದೇ. ದೃಶ್ಯ ಆ ಒಂದು ಕೋನದಿಂದ ಸರಿಯಾಗಿ ಕಂಡರೆ ಸಾಕು, ಪಕ್ಕದಿಂದ ಹೇಗೆ ಕಂಡರೂ ಚಿಂತೆಯಿಲ್ಲ. ಗೋಡೆ, ನೆಲ, ಚಾವಣಿಗಳ ಅಂಚು ಕಾಣದಂತೆ ಮುಚ್ಚಿದರೆ ಕೋಣೆಯ ಅಳತೆಯೇ ಕಣ್ಣಿಗೆ ಸಿಗುವುದಿಲ್ಲ. ಕಂಪನಿ ನಾಟಕದ ಪರದೆಯ ಮುಂದೆ ಕೂತು ಅರಮನೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

‘ಹೇಗೆ ಮಾಡಿದರೇನು, ಚೆನ್ನಾಗಿದೆಯಲ್ಲ’ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಈ ಚಿತ್ರಗಳೆಲ್ಲ ಲೀ ಅವರ ಬದುಕಿನಿಂದ, ನೆನಪುಗಳಿಂದ, ಕನಸುಗಳಿಂದ ಬಂದವು. ಆ ನೆನಪನ್ನು ತಿಂಗಳುಗಟ್ಟಲೆ ತಂತಿಯಾಗಿ, ಕಾಗದವಾಗಿ ಕೈಯಲ್ಲಿ ಹಿಡಿದು, ಕೊನೆಗೆ ತಾನೇ ಹೋಗಿ ಅದರೊಳಗೆ ಕೂರುವುದು ಕಲೆಯ ಅರ್ಧ ಭಾಗ. ಹೌದು, ತಾವರೆಯೊಳಗಿನ ಹುಡುಗಿ ಕಲಾವಿದೆಯೇ. ಇವೆಲ್ಲ ಆಕೆಯ ಆತ್ಮಚಿತ್ರಗಳು.

ತಾವರೆಯೇ ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕಿತ್ತು. ಕೊರಿಯಾದಲ್ಲಿ ಶಿಮ್ ಚಂಗ್ ಎಂಬ ಹುಡುಗಿಯ ಕಥೆಯಿದೆ. ಕುರುಡ ತಂದೆಗೆ ಕಣ್ಣು ಬರಲೆಂದು ಬುದ್ಧನಿಗೆ ಮುನ್ನೂರು ಮೂಟೆ ಅಕ್ಕಿ ಅರ್ಪಿಸಬೇಕು. ಅದಕ್ಕಾಗಿ ಅವಳು ತನ್ನನ್ನೇ ನಾವಿಕರಿಗೆ ಮಾರಿಕೊಳ್ಳುತ್ತಾಳೆ. ಅವರು ಅವಳನ್ನು ಕಡಲಿಗೆ ಬಲಿ ಕೊಡುತ್ತಾರೆ. ಕಡಲಾಳದ ನಾಗರಾಜ ಮರುಗಿ ಅವಳನ್ನು ತಾವರೆಯಲ್ಲಿಟ್ಟು ಮೇಲಕ್ಕೆ ಕಳಿಸುತ್ತಾನೆ. ಅವಳು ರಾಣಿಯಾಗುತ್ತಾಳೆ, ಕುರುಡರಿಗೆಲ್ಲ ಔತಣ ಏರ್ಪಡಿಸುತ್ತಾಳೆ, ಅಲ್ಲಿಗೆ ಬಂದ ತಂದೆಗೆ ಮಗಳ ದನಿ ಕೇಳಿ ಕಣ್ಣು ತೆರೆಯುತ್ತದೆ. ಪಾನ್ಸೋರಿ ಎಂಬ, ಕಥೆಯನ್ನು ಹಾಡಿ ಹೇಳುವ ಕೊರಿಯಾದ ಕಲೆಯ ಗಾಯಕರು ಇದನ್ನು ಗಂಟೆಗಟ್ಟಲೆ ಹಾಡುತ್ತಾರೆ. ಲೀ ಈ ಕಥೆಯ ಜೊತೆಗೆ ನೀರಿನಲ್ಲಿ ಮುಳುಗಿ ಸಾಯುವ ಷೇಕ್ಸ್‌ಪಿಯರ್‌ನ ಒಫೀಲಿಯಾಳನ್ನೂ ನೆನೆದರು. ಒಬ್ಬಳು ಮುಳುಗಿದವಳು, ಇನ್ನೊಬ್ಬಳು ಮೇಲೆದ್ದು ಬಂದವಳು. ಚಿತ್ರದ ಹೆಸರು ಯಾರ ಪಕ್ಷ ಎಂಬುದು ಈಗ ಗೊತ್ತಾಯಿತಲ್ಲ?

ಇನ್ನು ಆ ಕೊಳವನ್ನು ನೋಡಲು ಹೋಗೋಣವೆಂದರೆ ಅದು ಉಳಿದಿಲ್ಲ. ಫೋಟೋ ತೆಗೆದ ಮೇಲೆ ಕಟ್ಟಿದ್ದನ್ನೆಲ್ಲ ಕಿತ್ತು ತೆಗೆಯುತ್ತಾರೆ. ಮುಂದಿನ ಚಿತ್ರಕ್ಕೆ ಅದೇ ಕೋಣೆ ಬೇಕು.