ಕಿಡ್ನಿ ಆರ್ಟರಿ ಅನ್ಯೂರಿಸಂ: ಕಾಯಿಲ್, ಸ್ಟೆಂಟ್ ಹಾಕಿದ ಮೇಲೆ ಕೆಡುವುದೇನು?

ಅನ್ಯೂರಿಸಂ ಎಂದರೆ ರಕ್ತನಾಳದ ಗೋಡೆ ಚೀಲದಂತೆ ಉಬ್ಬಿರುವುದು. ಅದಕ್ಕೆ ಕಾಯಿಲ್ (ಲೋಹದ ಸಣ್ಣ ಸುರುಳಿ) ತುಂಬುತ್ತೇವೆ ಅಥವಾ ನಾಳದೊಳಗೆ ಸ್ಟೆಂಟ್ (ಜಾಲರಿ ಕೊಳವೆ) ಇಡುತ್ತೇವೆ. ಈ ಚಿಕಿತ್ಸೆಯ ತೊಡಕುಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಕಿಡ್ನಿಯ ಸೆಗ್ಮೆಂಟಲ್ (ಒಂದೊಂದು ಭಾಗಕ್ಕೆ ರಕ್ತ ಒಯ್ಯುವ) ಶಾಖೆಗಳು ಎಂಡ್ ಆರ್ಟರಿಗಳು, ಒಂದು ಮುಚ್ಚಿದರೆ ಪಕ್ಕದ್ದು ರಕ್ತ ಕೊಡುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಪಟ್ಟಿ ತಾನಾಗಿ ಬರುತ್ತದೆ.

ಸ್ಪ್ಲೀನಿಕ್ ಆರ್ಟರಿಯ (ಗುಲ್ಮಕ್ಕೆ, ಅಂದರೆ ಸ್ಪ್ಲೀನ್‌ಗೆ ರಕ್ತ ಒಯ್ಯುವ ನಾಳದ) ನಿಯಮವನ್ನು ಇಲ್ಲಿಗೆ ತಂದಾಗಲೇ ಗೊಂದಲ. ಅಲ್ಲಿ ಶಾರ್ಟ್ ಗ್ಯಾಸ್ಟ್ರಿಕ್ (ಜಠರದ ಸಣ್ಣ ನಾಳಗಳು) ಮುಂತಾದ ಪಕ್ಕದಾರಿಯ ಕೊಲ್ಯಾಟರಲ್‌ಗಳಿಂದ ರಕ್ತ ಹಿಂದಿನಿಂದ ಬಂದು ಚೀಲ ಮತ್ತೆ ತುಂಬುತ್ತದೆ. ಅದಕ್ಕೇ ಮುಂಬಾಗಿಲು (ಚೀಲಕ್ಕೆ ರಕ್ತ ಬರುವ ಕಡೆ), ಹಿಂಬಾಗಿಲು (ಚೀಲದಾಚೆಯ ಕಡೆ) ಎರಡನ್ನೂ ಮುಚ್ಚುತ್ತೇವೆ. ಸ್ಪ್ಲೀನ್ ಸಾಮಾನ್ಯವಾಗಿ ಬದುಕುತ್ತದೆ. ಕಿಡ್ನಿಯಲ್ಲಿ ಮುಂಬಾಗಿಲು ಮುಚ್ಚಿದರೆ ಚೀಲದ ಜೊತೆ ಆ ಶಾಖೆಯ ಅಂಗಾಂಶವೂ ಹೋಯಿತು. ಹಾಗಾಗಿ ಶಾಖೆಯನ್ನೇ ಬಲಿಕೊಡುವುದು ಒಳಗಿನ ಸಣ್ಣ ಶಾಖೆಗಳಲ್ಲಿ ಮಾತ್ರ. ಮುಖ್ಯ ಕಾಂಡಕ್ಕೆ ಕವರ್ಡ್ ಸ್ಟೆಂಟ್ (ಹೊದಿಕೆಯಿರುವ ಸ್ಟೆಂಟ್), ಕವಲಿನಲ್ಲಿರುವ ಅಗಲ ಕತ್ತಿನ ಚೀಲಕ್ಕೆ ಸ್ಟೆಂಟ್ ಅಥವಾ ಬಲೂನ್ ಆಸರೆಯ ಕಾಯಿಲಿಂಗ್. ಕವಲಿನಲ್ಲಿ ಕವರ್ಡ್ ಸ್ಟೆಂಟ್ ಇಟ್ಟರೆ ಇನ್ನೊಂದು ಶಾಖೆ ಮುಚ್ಚಿಹೋಗುತ್ತದೆ.

ಈಗ ಎಡವುವ ಜಾಗ. ಚಿಕಿತ್ಸೆಯ ಮರುದಿನ ಪಕ್ಕೆನೋವು, ಜ್ವರ, ವಾಕರಿಕೆ, ಬಿಳಿ ಕಣ ಏರಿಕೆ. ಇದು ಪೋಸ್ಟ್ ಎಂಬೊಲೈಸೇಶನ್ ಸಿಂಡ್ರೋಮೇ (ನಾಳ ಮುಚ್ಚಿದ ಮೇಲೆ ಬರುವ ಲಕ್ಷಣಗಳ ಗುಂಪೇ)? ಶಾಖೆಯನ್ನು ಬೇಕೆಂದೇ ಮುಚ್ಚಿದ್ದರೆ ಹೌದು ಎನ್ನಬಹುದು. ಸತ್ತ ಅಂಗಾಂಶದ ಪ್ರತಿಕ್ರಿಯೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಶಾಖೆ ಉಳಿಸಲೆಂದೇ ಸ್ಟೆಂಟ್ ಹಾಕಿದವರಲ್ಲಿ ಅದೇ ನೋವು ಬಂದರೆ ಸಿಂಡ್ರೋಮ್ ಎಂದು ಬರೆದು ಕೈತೊಳೆದುಕೊಳ್ಳಬಾರದು. ಅಲ್ಲಿ ಸಾಯಬೇಕಾದ ಅಂಗಾಂಶವೇ ಇರಲಿಲ್ಲ! ಕಾಯಿಲ್ ಹೊರಚಾಚಿರಬಹುದು, ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿರಬಹುದು, ವೈರ್ ತಗುಲಿ ಡಿಸೆಕ್ಷನ್ (ನಾಳದ ಒಳಪದರ ಸೀಳುವುದು) ಆಗಿರಬಹುದು. ಕ್ರಿಯಾಟಿನಿನ್ ನಾರ್ಮಲ್ ಎಂದು ಸಮಾಧಾನಪಡಬೇಡಿ, ಇನ್ನೊಂದು ಕಿಡ್ನಿ ಅದನ್ನು ಮರೆಮಾಚುತ್ತದೆ. ಎಲ್‌ಡಿಎಚ್ (ಅಂಗಾಂಶ ಸತ್ತಾಗ ರಕ್ತದಲ್ಲಿ ಏರುವ ಕಿಣ್ವ) ನೋಡಿ, ತಡಮಾಡದೆ ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ಮಾಡಿಸಿ. ಅಲ್ಲಿ ರಕ್ತ ಹೋಗುತ್ತಿಲ್ಲ ಎನ್ನಲು ಬೆಣೆಯಾಕಾರದ ಕಪ್ಪು ಭಾಗ ಸಾಕು. ಕಾರ್ಟಿಕಲ್ ರಿಮ್ ಚಿಹ್ನೆ (ಸತ್ತ ಭಾಗದ ಹೊರ ಅಂಚಿನಲ್ಲಿ ಕಾಣುವ ಬೆಳ್ಳನೆಯ ಗೆರೆ) ಮೂಡಲು ಗಂಟೆಗಟ್ಟಲೆ ಬೇಕು, ಅದಕ್ಕಾಗಿ ಕಾಯಬಾರದು.

ಕಾಯಿಲಿಂಗ್ ನಡುವೆ ಚೀಲ ಒಡೆದರೆ ಮೈಕ್ರೋಕ್ಯಾಥೆಟರನ್ನು (ಕಾಯಿಲ್ ಒಯ್ಯುವ ಸಣ್ಣ ಕೊಳವೆಯನ್ನು) ಹಿಂದಕ್ಕೆಳೆಯಬೇಡಿ. ಬಲೂನ್ ಉಬ್ಬಿಸಿ, ಇನ್ನೂ ರಕ್ತದಲ್ಲಿರುವ ಪ್ರತಿ 100 ಯೂನಿಟ್ ಹೆಪಾರಿನ್‌ಗೆ 1 ಮಿ.ಗ್ರಾಂ ಪ್ರೋಟಮಿನ್ (ಹೆಪ್ಪುತಡೆ ಔಷಧಿ ಹೆಪಾರಿನ್‌ನ ಪರಿಣಾಮ ಅಳಿಸುವ ಮದ್ದು) ಕೊಟ್ಟು, ಕಾಯಿಲ್ ಹಾಕುತ್ತಲೇ ಇರಬೇಕು.

ಚೀಲ ಮತ್ತೆ ತೆರೆದುಕೊಳ್ಳುವುದು ಹೆಚ್ಚಾಗಿ ಕಡಿಮೆ ತುಂಬಿದ್ದರಿಂದ. 20 ಮಿ.ಮೀ. ವ್ಯಾಸದ ಗೋಳದ ಗಾತ್ರ ಸುಮಾರು 4,190 ಘನ ಮಿ.ಮೀ.; 0.018 ಇಂಚು ದಪ್ಪದ ಕಾಯಿಲ್ 1 ಸೆಂ.ಮೀ.ಗೆ ತುಂಬುವುದು ಬರೀ 1.6 ಘನ ಮಿ.ಮೀ. ಶೇ. 20 ತುಂಬಲೂ 5 ಮೀಟರ್‌ಗಿಂತ ಹೆಚ್ಚು ಕಾಯಿಲ್ ಬೇಕು.

ತೊಡೆಸಂದಿಯ ರಕ್ತಗಡ್ಡೆ, ಕಾಂಟ್ರಾಸ್ಟ್‌ನಿಂದ ಕಿಡ್ನಿಗೆ ಪೆಟ್ಟು ಇವು ಎಲ್ಲ ಆಂಜಿಯೋಗೂ ಒಂದೇ. ತಿಂಗಳುಗಳ ನಂತರ ಬಿಪಿ ಏರಿದರೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಿ: ಸ್ಟೆಂಟ್ ಒಳಗೆ ಕಿರಿದಾಗಿರಬಹುದು. ಅದು ಸರಿಯಿದ್ದರೆ, ಸತ್ತ ಭಾಗದ ಅಂಚಿನಲ್ಲಿ ಅರೆಜೀವವಾಗಿ ಉಳಿದ ಅಂಗಾಂಶ ಬಿಪಿ ಏರಿಸುವ ರೆನಿನ್ ಸುರಿಸುತ್ತಿರಬಹುದು.