ಹಿರೋಶಿಗೆಯ ಮಳೆಯಲ್ಲಿ ಬರ್ಲಿನ್ನಿನ ನೀಲಿ

ಪ್ಯಾರಿಸ್ಸಿನಲ್ಲಿದ್ದ ಡಚ್ ಚಿತ್ರಕಾರ ವ್ಯಾನ್ ಗೋ 1887ರಲ್ಲಿ ಜಪಾನಿನ ಕಲಾವಿದ ಉಟಗಾವಾ ಹಿರೋಶಿಗೆಯ ಎರಡು ಮರದಚ್ಚಿನ ಚಿತ್ರಗಳನ್ನು ತೈಲವರ್ಣದಲ್ಲಿ ನಕಲು ಮಾಡಿದ. ಒಂದರಲ್ಲಿ ಹೂಬಿಟ್ಟ ಪ್ಲಮ್ ತೋಟ, ಇನ್ನೊಂದರಲ್ಲಿ ಸೇತುವೆಯ ಮೇಲೆ ದಿಢೀರನೆ ಸುರಿಯುವ ಮಳೆ. ಅಮೆರಿಕದೊಂದಿಗಿನ 1854ರ ಒಪ್ಪಂದದ ನಂತರ ಜಪಾನಿನ ಬಂದರುಗಳು ತೆರೆದುಕೊಂಡವು, ಅಲ್ಲಿನ ಚಿತ್ರಗಳು ಯುರೋಪಿಗೆ ಬಂದವು, ಅವುಗಳಿಂದ ಯುರೋಪಿನ ಕಲಾವಿದರ ದೃಷ್ಟಿ ಬದಲಾಯಿತು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ನಿಜವೇ ಆದರೂ ಅರ್ಧ ಮಾತ್ರ ನಿಜ: ಅದಕ್ಕೂ ಮೊದಲೇ ಯುರೋಪು ಜಪಾನಿನ ಚಿತ್ರಗಳೊಳಗೆ ಬಂದಿತ್ತು.

ಹಿರೋಶಿಗೆ ಹುಟ್ಟಿದ್ದು 1797ರಲ್ಲಿ, ಇಂದಿನ ಟೋಕಿಯೊ ಆಗಿರುವ ಎಡೊದಲ್ಲಿ. ಬೆಂಕಿ ನಂದಿಸುವ ಅಧಿಕಾರಿಯಾಗಿದ್ದ ತಂದೆಯ ಹುದ್ದೆ ಬಾಲ್ಯದಲ್ಲೇ ಅವನ ಹೆಗಲಿಗೆ ಬಂತು. ಅವನು ಚಿತ್ರಕಲೆ ಕಲಿತ ಉಟಗಾವಾ ಪರಂಪರೆಯ ಮೂಲಪುರುಷ ಟೊಯೊಹರು, ದೂರದ ವಸ್ತುಗಳು ಕಿರಿದಾಗುತ್ತ ಒಂದು ಬಿಂದುವಿನತ್ತ ಸಾಗುವ ಪರ್‌ಸ್ಪೆಕ್ಟಿವ್ ವಿಧಾನವನ್ನು ಯುರೋಪಿನ ಚಿತ್ರಗಳನ್ನು ನೋಡಿಯೇ ರೂಢಿಸಿಕೊಂಡವನು. ಹಿರೋಶಿಗೆಯ ನದಿಗಳಿಗೂ ಆಕಾಶಕ್ಕೂ ಆಳ ಕೊಟ್ಟ ನೀಲಿ ಕೂಡ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಬಣ್ಣ. ಜಪಾನಿಯರು ಅದನ್ನು ಆ ಊರಿನ ಹೆಸರಿನಿಂದಲೇ 'ಬೆರೊ' ಎಂದು ಕರೆದರು. ಹೂವಿನಿಂದ ತೆಗೆಯುತ್ತಿದ್ದ ಹಳೆಯ ನೀಲಿ ಬಹುಬೇಗ ಮಾಸುತ್ತಿತ್ತು. ಹೊಸದು 1830ರ ಸುಮಾರಿಗೆ ಅಗ್ಗವಾಗಿ ಸಿಗತೊಡಗಿತು. ಎಡೊದಿಂದ ಕ್ಯೋಟೊಗೆ ಹೋಗುವ ಹೆದ್ದಾರಿಯ 53 ತಂಗುದಾಣಗಳನ್ನೂ ಎರಡು ತುದಿಗಳನ್ನೂ ತೋರಿಸಿ ಹಿರೋಶಿಗೆಗೆ ಹೆಸರು ತಂದ 55 ಚಿತ್ರಗಳ ಮಾಲೆ ಹೊರಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ.

ಬಣ್ಣ ಹೊರಗಿನದಾದರೂ ಅದನ್ನು ಕಾಗದಕ್ಕೆ ಇಳಿಸಿದ ಕೈ ಎಡೊದ್ದು, ಅದೂ ಹಿರೋಶಿಗೆಯೊಬ್ಬನದೇ ಅಲ್ಲ. ಅವನು ತೆಳುಕಾಗದದ ಮೇಲೆ ಬರೆದ ರೇಖೆಯನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಒಬ್ಬ ಕೆತ್ತುತ್ತಿದ್ದ. ಬಣ್ಣಕ್ಕೊಂದರಂತೆ ಅಚ್ಚುಗಳನ್ನು ಒಂದಾದ ಮೇಲೊಂದು ಒತ್ತುವವನು ಇನ್ನೊಬ್ಬ. 1857ರ ಆ ಮಳೆಯ ಚಿತ್ರದಲ್ಲಿ ಕೂದಲೆಳೆಯಂಥ ಹನಿಗೆರೆಗಳು ಉಳಿಯುವಂತೆ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆದವನ ತಾಳ್ಮೆಯನ್ನು ಯೋಚಿಸಿದರೆ ಬೆರಗಾಗುತ್ತದೆ. ಮೇಲಂಚಿನ ಕಾರ್ಮೋಡಕ್ಕೆ ಅಚ್ಚಿನಲ್ಲಿ ಆಕಾರವೇ ಇಲ್ಲ: ಒದ್ದೆ ಹಲಗೆಯ ಮೇಲೆ ಬಣ್ಣವನ್ನು ಹರಡಿ, ಕ್ರಮೇಣ ತಿಳಿಯಾಗುವಂತೆ ಪ್ರತಿ ಹಾಳೆಗೂ ಕೈಯಲ್ಲೇ ಹದ ಮಾಡಬೇಕಿತ್ತು. ಹಾಗಾಗಿ ಒಂದು ಪ್ರತಿಯ ಮೋಡ ಇನ್ನೊಂದರಲ್ಲಿರುವುದಿಲ್ಲ.

1855ರ ಭೂಕಂಪದಿಂದ ಎಡೊ ಜರ್ಜರಿತವಾದ ಮರುವರ್ಷ ಆರಂಭವಾದ 'ಎಡೊದ ನೂರು ಪ್ರಸಿದ್ಧ ನೋಟಗಳು' ಮಾಲೆಗೆ ಈ ಚಿತ್ರ ಸೇರಿದೆ. ಕಾಲರಾ ಹರಡಿದ್ದ 1858ರಲ್ಲಿ ಹಿರೋಶಿಗೆ ತೀರಿಕೊಂಡ.

ಮೂವತ್ತು ವರ್ಷಗಳ ನಂತರ ಆ ಮಳೆಯನ್ನು ಕುಂಚದಿಂದ ಮತ್ತೆ ಬರೆದ ವ್ಯಾನ್ ಗೋ ಬಣ್ಣಗಳನ್ನು ಇನ್ನಷ್ಟು ಗಾಢವಾಗಿಸಿದ. ಸುತ್ತಲೂ ಅಂಚು ಕಟ್ಟಿ, ಬೇರೆ ಮುದ್ರಣಗಳಲ್ಲಿದ್ದ ಜಪಾನಿ ಅಕ್ಷರಗಳನ್ನು, ಓದಲು ಬಾರದಿದ್ದರೂ, ಒಂದೊಂದಾಗಿ ನೋಡಿ ಅದರಲ್ಲಿ ತುಂಬಿದ.