ಗೇ ಆ್ಯಂಥಮ್: ಓಗೊಟ್ಟವರ ಹಾಡು

ಹುಡುಗನೊಬ್ಬ ಬೆಳಗಿನ ಹೊತ್ತು ಮನೆ ಬಿಟ್ಟು ಹೊರಟಿದ್ದಾನೆ. ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ. ರೈಲು ನಿಲ್ದಾಣದಲ್ಲಿ ಗಾಳಿಮಳೆಗೆ ಒಬ್ಬನೇ ನಿಂತಿದ್ದಾನೆ. ಯಾಕೆ ಹೋದ ಅನ್ನುವುದು ಅವನ ತಾಯಿಗೆ ಅರ್ಥವಾಗುವುದಿಲ್ಲ. ಅವನಿಗೆ ಬೇಕಾದ ಪ್ರೀತಿ ಆ ಮನೆಯಲ್ಲಿ ಸಿಗುವುದಿಲ್ಲ.

ಇಷ್ಟು ಕಥೆಯನ್ನು ಹೇಳುವ ‘ಸ್ಮಾಲ್‌ಟೌನ್ ಬಾಯ್’ (ಸಣ್ಣ ಊರಿನ ಹುಡುಗ) ಎಂಬ ಹಾಡು 1984ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಹಾಡಿದ್ದು ಬ್ರಾನ್ಸ್ಕಿ ಬೀಟ್ ಎಂಬ ಮೂವರ ತಂಡ. ಇಂದು ಯಾರೇ ಸಲಿಂಗಿಗಳು ತಮ್ಮದಾಗಿಸಿಕೊಂಡ ‘ಗೇ ಆ್ಯಂಥಮ್’ಗಳನ್ನು ನೆನೆಯಲಿ, ಈ ಹಾಡಿನ ಹೆಸರು ಬಂದೇ ಬರುತ್ತದೆ. ಊರು ತೊರೆಯುವವನ ದುಃಖದ ಹಾಡು ಒಂದು ಸಮುದಾಯದ ಆ್ಯಂಥಮ್ ಆದದ್ದು ಹೇಗೆ? ಅದನ್ನು ತಿಳಿದರೆ ಆ್ಯಂಥಮ್ ಎಂಬ ಪದದ ಅರ್ಥವೂ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆ್ಯಂಥಮ್ ಎಂದ ಕೂಡಲೇ ನಮಗೆ ನೆನಪಾಗುವುದು ಎಲ್ಲರೂ ಎದ್ದು ನಿಂತು ಹಾಡುವ ರಾಷ್ಟ್ರಗೀತೆ. ಪದದ ಬೇರು ಮಾತ್ರ ಬೇರೆ ಕಡೆ ಇದೆ. ಗ್ರೀಕಿನ ‘ಆಂಟಿಫೋನಾ’ ಎಂದರೆ ಪ್ರತಿಯಾಗಿ ಬರುವ ದನಿ. ಚರ್ಚಿನಲ್ಲಿ ಗಾಯಕರು ಎರಡು ಗುಂಪಾಗಿ ನಿಂತು, ಒಂದು ಗುಂಪು ಹಾಡಿದ್ದಕ್ಕೆ ಇನ್ನೊಂದು ಗುಂಪು ಹಾಡಿನಲ್ಲೇ ಉತ್ತರ ಕೊಡುವ ಕ್ರಮಕ್ಕೆ ಈ ಹೆಸರಿತ್ತು. ಬಾಯಿಂದ ಬಾಯಿಗೆ ಸವೆದು ಇಂಗ್ಲಿಷಿನಲ್ಲಿ ಅದು ಆ್ಯಂಥಮ್ ಆಯಿತು. ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ದನಿಗೂಡಿಸುತ್ತಾರಲ್ಲ, ಹಾಗೆ. ಕನ್ನಡದಲ್ಲಿ ಇದಕ್ಕೆ ‘ಓಗೊಡು’ ಎಂಬ ಚೆಂದದ ಮಾತಿದೆ. ಗೇ ಆ್ಯಂಥಮನ್ನು ‘ಸಲಿಂಗಿಗಳ ಗೀತೆ’ ಎಂದು ಅನುವಾದಿಸಿದರೆ ಅರ್ಧ ಅರ್ಥವೇ ಬಂದೀತು. ಅದು ಸಲಿಂಗಿಗಳು ಓಗೊಟ್ಟ ಹಾಡು.

ಹಾಗಾಗಿಯೇ ಇಂಥ ಹಾಡನ್ನು ಬರೆದವರು ಸಲಿಂಗಿಗಳೇ ಆಗಿರಬೇಕೆಂದಿಲ್ಲ. 1978ರಲ್ಲಿ ಗ್ಲೋರಿಯಾ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’ ಪ್ರಿಯಕರನಿಂದ ದೂರವಾದ ಹೆಣ್ಣಿನ ಹಾಡು. ಅದನ್ನು ಡಿಸ್ಕೊಗಳಲ್ಲಿ ಕುಣಿಯುತ್ತಿದ್ದ ಗೇ ಗಂಡಸರು ತಮ್ಮದಾಗಿಸಿಕೊಂಡರು. ಅದೇ ವರ್ಷ ಇಂಗ್ಲೆಂಡಿನ ಟಾಮ್ ರಾಬಿನ್ಸನ್ ‘ಗ್ಲ್ಯಾಡ್ ಟು ಬಿ ಗೇ’ ಎಂದು ನೇರವಾಗಿಯೇ ಹಾಡಿದ. ‘ಸ್ಮಾಲ್‌ಟೌನ್ ಬಾಯ್’ ಇವೆರಡಕ್ಕಿಂತ ಬೇರೆ. ಅದರ ಮೂವರೂ ತಾವು ಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು. ಆದರೂ ಹಾಡಿನ ಸಾಹಿತ್ಯದಲ್ಲಿ ಆ ಪದ ಒಮ್ಮೆಯೂ ಬರುವುದಿಲ್ಲ. ಊರವರ ಬಾಯಿಗೆ ಬಿದ್ದ, ಏಟು ತಿಂದ, ಅವರೆದುರು ಅಳದೆ ಒಳಗೇ ಅತ್ತ ಒಬ್ಬ ಹುಡುಗನಿದ್ದಾನೆ, ಅಷ್ಟೆ. ಸಾಹಿತ್ಯದ ಶಕ್ತಿ ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ತನಗೇನಾಗುತ್ತಿದೆ ಎಂದು ಹೇಳಿಕೊಳ್ಳಲು ಇನ್ನೂ ಪದ ಸಿಗದ ಹದಿನೈದರ ಹುಡುಗನೂ ಇದನ್ನು ಕೇಳಿ ತನ್ನದೇ ಕಥೆ ಎಂದುಕೊಳ್ಳಬಹುದು.

ಇನ್ನು ಈ ಹಾಡಿನ ಸಂಗೀತ ಶೈಲಿಗಿರುವ ಸಿಂತ್‌ಪಾಪ್ ಎಂಬ ಹೆಸರು. ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯ. ಎಪ್ಪತ್ತರ ದಶಕದಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಅದನ್ನೇ ನೆಚ್ಚಿ ಹಾಡು ಕಟ್ಟಿತು. ದಶಕ ಮುಗಿಯುವ ಹೊತ್ತಿಗೆ ವಾದ್ಯದ ಬೆಲೆ ಇಳಿದು, ಬ್ರಿಟನ್ನಿನ ಸಾಮಾನ್ಯ ಮನೆಗಳ ಹುಡುಗರ ಕೈಗೂ ಎಟುಕಿತು. ಗಿಟಾರು, ಡ್ರಮ್ಮು, ನಾಲ್ಕೈದು ಜನ ಬೇಕಿಲ್ಲ. ಯಂತ್ರದ ತಾಳ, ಒಂದೆರಡು ಕೀಬೋರ್ಡ್, ಒಂದು ಕಂಠ ಇದ್ದರೆ ಸಾಕು. ಸ್ಟೀವ್ ಬ್ರಾನ್ಸ್ಕಿ ಮತ್ತು ಲ್ಯಾರಿ ಸ್ಟೈನ್‌ಬಾಚೆಕ್ ಈ ಯಂತ್ರಗಳ ಹಿಂದೆ ನಿಂತರು. ಹಾಡಿದವನು ಗ್ಲಾಸ್ಗೋದಿಂದ ಲಂಡನ್ನಿಗೆ ಬಂದಿದ್ದ ಜಿಮ್ಮಿ ಸಾಮರ್‌ವಿಲ್.

ಅವನ ಕಂಠದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಗಂಡಸಿನ ಮಾಮೂಲಿ ದನಿಯ ಎಲ್ಲೆ ದಾಟಿ ತಾರಸ್ಥಾಯಿಯಲ್ಲಿ ಹಾಡುವುದಕ್ಕೆ ಫಾಲ್ಸೆಟೊ ಎನ್ನುತ್ತಾರೆ. ಹಾಡು ಶುರುವಾಗುವುದೇ ಆ ದನಿಯಲ್ಲಿ, ನಿಧಾನವಾಗಿ, ತಾಳವಿಲ್ಲದೆ, ದೂರದಿಂದ ಯಾರೋ ಕೂಗಿ ಕರೆದಂತೆ. ಆಮೇಲೆ ಯಂತ್ರದ ತಾಳ ಕೂಡಿಕೊಳ್ಳುತ್ತದೆ, ರೈಲು ವೇಗ ಹಿಡಿದಂತೆ. ದನಿ ಅಳುತ್ತಿದೆ, ಕಾಲು ಕುಣಿಯುತ್ತಿದೆ. ಹೆಣ್ಣಿಗನ ದನಿ ಎಂದು ಶಾಲೆಯಲ್ಲಿ ಅಣಕಿಸಿಕೊಂಡ ಎಷ್ಟೋ ಹುಡುಗರಿದ್ದಾರೆ. ಅಂಥದ್ದೇ ಎತ್ತರದ ದನಿ ರೇಡಿಯೊದಲ್ಲಿ ನಾಚಿಕೆಯಿಲ್ಲದೆ ಮೊಳಗಿದಾಗ ಅವರಿಗೆ ಏನನ್ನಿಸಿರಬೇಕು! ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 3ನೆಯ ಸ್ಥಾನಕ್ಕೇರಿತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಮ್ಮಿನಲ್ಲಿ ಮೊದಲ ಸ್ಥಾನ.

ಬರ್ನಾರ್ಡ್ ರೋಸ್ ನಿರ್ದೇಶಿಸಿದ ವಿಡಿಯೊ ಸಾಹಿತ್ಯ ಹೇಳದೆ ಬಿಟ್ಟದ್ದನ್ನು ಹೇಳಿತು. ಈಜುಕೊಳದಲ್ಲಿ ಜಿಮ್ಮಿ ಒಬ್ಬ ಈಜುಗಾರನನ್ನು ಕಣ್ತುಂಬ ನೋಡುತ್ತಾನೆ. ಆಮೇಲೆ ಗುಂಪೊಂದು ಅವನನ್ನು ಹೊಡೆಯುತ್ತದೆ, ಪೊಲೀಸರು ಮನೆಗೆ ತಂದು ಬಿಡುತ್ತಾರೆ. ಹೊರಡುವಾಗ ತಂದೆ ಹಣ ಕೊಡುತ್ತಾನೆ, ಮಗ ಚಾಚಿದ ಕೈಯನ್ನು ಮಾತ್ರ ಮುಟ್ಟುವುದಿಲ್ಲ. ಇಡೀ ವಿಡಿಯೊದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಗಳಿಗೆ. ಹಣ ಕೊಡುವಷ್ಟು ಕರುಳಿದೆ, ಕೈ ಹಿಡಿಯುವಷ್ಟು ಧೈರ್ಯವಿಲ್ಲ.

ಇದು ಬರೀ ಒಂದು ಮನೆಯ ಕಠೋರತೆಯಾಗಿರಲಿಲ್ಲ, ಕಾನೂನೇ ಹಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಬ್ಬರ ಸಂಬಂಧ ಅಪರಾಧವಲ್ಲ ಎಂದಾದದ್ದು 1967ರಲ್ಲಿ, ಅದೂ 21 ತುಂಬಿದವರಿಗೆ, ನಾಲ್ಕು ಗೋಡೆಗಳ ಒಳಗೆ ಮಾತ್ರ. ಗಂಡು ಹೆಣ್ಣಿಗೆ ಆ ವಯಸ್ಸು 16. ಸ್ಕಾಟ್ಲೆಂಡಿನಲ್ಲಿ ಕಾನೂನು ಬದಲಾದದ್ದು 1980ರಲ್ಲಿ. 1961ರಲ್ಲಿ ಹುಟ್ಟಿದ ಸಾಮರ್‌ವಿಲ್ ಗ್ಲಾಸ್ಗೋದಲ್ಲಿ ಬೆಳೆಯುತ್ತಿದ್ದ ವರ್ಷಗಳಲ್ಲಿ ಅವನಂಥವರ ಪ್ರೀತಿ ಯಾವ ವಯಸ್ಸಿನಲ್ಲೂ ಅಪರಾಧವೇ. ಇದೇ ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ನಮಗೆ ಬಿಟ್ಟುಹೋದ 377ನೆಯ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಬ್ರಾನ್ಸ್ಕಿ ಬೀಟ್ ತನ್ನ ಮೊದಲ ಆಲ್ಬಮ್ಮಿಗೆ ‘ದಿ ಏಜ್ ಆಫ್ ಕನ್ಸೆಂಟ್’, ಅಂದರೆ ‘ಸಮ್ಮತಿಯ ವಯಸ್ಸು’ ಎಂದೇ ಹೆಸರಿಟ್ಟಿತು. ಹೊದಿಕೆಯ ಮೇಲೆ ಗುಲಾಬಿ ತ್ರಿಕೋನ. ನಾಜಿ ಶಿಬಿರಗಳಲ್ಲಿ ಸಲಿಂಗಿ ಕೈದಿಗಳ ಬಟ್ಟೆಗೆ ಹೊಲಿಸುತ್ತಿದ್ದ ಗುರುತು ಅದು. ಒಳಹಾಳೆಯಲ್ಲಿ ಯುರೋಪಿನ ಯಾವ ದೇಶದಲ್ಲಿ ಸಮ್ಮತಿಯ ವಯಸ್ಸು ಎಷ್ಟು ಎಂಬ ಪಟ್ಟಿ. ಹಾಡು ಕೇಳಲು ತಂದ ಹುಡುಗರು ಕಾನೂನನ್ನೂ ಓದಿದರು.

ಓಗೊಡುವುದು ಎಂದೆನಲ್ಲ, ಅದು ಕುಣಿತದ ಅಂಗಳದಲ್ಲೇ ನಿಲ್ಲಲಿಲ್ಲ. ಅದೇ 1984ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಲಂಡನ್ನಿನ ಗೇ ಮತ್ತು ಲೆಸ್ಬಿಯನ್ ಯುವಕ ಯುವತಿಯರು ಒಂದು ಬೆಂಬಲ ಸಂಘ ಕಟ್ಟಿ, ಬಕೆಟ್ ಹಿಡಿದು ಬೀದಿಯಲ್ಲಿ ಚಂದಾ ಎತ್ತಿ, ದಕ್ಷಿಣ ವೇಲ್ಸ್‌ನ ಗಣಿ ಊರುಗಳಿಗೆ ಕಳಿಸುತ್ತಿದ್ದರು. ಡಿಸೆಂಬರ್ 10ರಂದು ಲಂಡನ್ನಿನ ಕ್ಯಾಮ್ಡೆನ್ ಬಡಾವಣೆಯ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಇದೇ ನಿಧಿಗಾಗಿ ಸಂಗೀತ ಕಛೇರಿ ನಡೆಯಿತು. ಮುಖ್ಯ ತಂಡ ಬ್ರಾನ್ಸ್ಕಿ ಬೀಟ್. ಕಾರ್ಯಕ್ರಮದ ಹೆಸರು ‘ಪಿಟ್ಸ್ ಅಂಡ್ ಪರ್ವರ್ಟ್ಸ್’, ಗಣಿಗಳು ಮತ್ತು ವಿಕೃತರು. ಬೈಗುಳವನ್ನೇ ಎತ್ತಿ ಬಾವುಟ ಮಾಡಿಕೊಂಡಿದ್ದರು. ಮಾರನೆಯ ವರ್ಷ ಲಂಡನ್ನಿನ ಸಲಿಂಗಿಗಳ ಪ್ರೈಡ್ ಮೆರವಣಿಗೆಗೆ ವೇಲ್ಸ್‌ನಿಂದ ಗಣಿಯವರು ತಮ್ಮ ಸಂಘದ ಪತಾಕೆ ಹಿಡಿದು ಬಂದು ಮುಂಚೂಣಿಯಲ್ಲಿ ನಡೆದರು. ಹಾಡಿನ ಹುಡುಗ ಬಿಟ್ಟು ಓಡಿದ್ದು ಅಂಥ ಸಣ್ಣ ಊರನ್ನೇ. ಈಗ ಸಣ್ಣ ಊರುಗಳೇ ಅವನನ್ನು ಹುಡುಕಿಕೊಂಡು ಬಂದಿದ್ದವು.

ಸಾಮರ್‌ವಿಲ್ 1985ರಲ್ಲಿ ತಂಡ ಬಿಟ್ಟ. ಸ್ಟೈನ್‌ಬಾಚೆಕ್ 2016ರಲ್ಲಿ, ಬ್ರಾನ್ಸ್ಕಿ 2021ರಲ್ಲಿ ತೀರಿಕೊಂಡರು. ಹಾಡು ಮಾತ್ರ ಹೊಸ ಹೊಸ ದನಿಗಳಲ್ಲಿ ಮರಳುತ್ತಲೇ ಇದೆ. ಪ್ಯಾರಿಸ್ಸಿನ ಏಡ್ಸ್ ಹೋರಾಟಗಾರರನ್ನು ಕುರಿತ 2017ರ ಫ್ರೆಂಚ್ ಸಿನಿಮಾ ಅದನ್ನು ಹೊಸದಾಗಿ ಹೊಂದಿಸಿ ಬಳಸಿಕೊಂಡಿತು. 2014ರಲ್ಲಿ, ಮೂವತ್ತು ವರ್ಷ ತುಂಬಿದಾಗ, ಸಾಮರ್‌ವಿಲ್ ತಾಳದ ಯಂತ್ರವನ್ನೆಲ್ಲ ಬದಿಗಿಟ್ಟು ಬರೀ ಪಿಯಾನೊ ಜೊತೆ ಅದನ್ನು ಮತ್ತೆ ಹಾಡಿದ.

ಅಂತರ್ಜಾಲದಲ್ಲಿ ಓಡಾಡಿದ ಒಂದು ವಿಡಿಯೊ ಇದೆ. ಬರ್ಲಿನ್ನಿನ ಬೀದಿಯಲ್ಲಿ ಯುವಕನೊಬ್ಬ ಗಿಟಾರ್ ಹಿಡಿದು ‘ಸ್ಮಾಲ್‌ಟೌನ್ ಬಾಯ್’ ಹಾಡುತ್ತಿದ್ದಾನೆ. ಪಕ್ಕಕ್ಕೆ ಬಂದ ಒಬ್ಬ ನಡುವಯಸ್ಸಿನ ಗಂಡಸು ತಾನೂ ದನಿಗೂಡಿಸುತ್ತಾನೆ, ಅದೇ ತಾರಸ್ಥಾಯಿಯಲ್ಲಿ. ಅವನು ಜಿಮ್ಮಿ ಸಾಮರ್‌ವಿಲ್.